ಒಂದೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ಎರಡು ಪ್ರೊಸೆಸರ್‌ಗಳನ್ನು ಅಳೆದದ್ದು

2023ರ ಮೇ ತಿಂಗಳ ಕೊನೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಅರಸೀಕೆರೆಗೆ ವಾಪಸು ಹೊರಟವನು ದಾರಿಯಲ್ಲಿ ತುಮಕೂರಿನ ನಮ್ಮ ಮನೆಗೆ ಇಳಿದಾಗ ಅವನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಎರಡು ಎಸ್ಟಿಮೇಟ್ ಚೀಟಿಗಳಿದ್ದವು. ಎಸ್.ಪಿ. ರಸ್ತೆಯ ಎರಡು ಅಂಗಡಿಗಳಲ್ಲಿ ಬರೆಸಿಕೊಂಡು ಬಂದ ಚೀಟಿಗಳು. ಪಿಯುಸಿ ಮುಗಿದಿತ್ತು, ಸಿಇಟಿ ಬರೆದಾಗಿತ್ತು, ಇಂಜಿನಿಯರಿಂಗ್ ಸೇರುವ ಮೊದಲು ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಡಿಸುವುದಾಗಿ ಅಕ್ಕ ಮಾತು ಕೊಟ್ಟಿದ್ದಳು. ಮಾನಿಟರ್ ಸೇರಿ 65,000 ರೂಪಾಯಿ, ಅದರ ಮೇಲೆ ಬಿಡಿಗಾಸೂ ಇಲ್ಲ ಎಂಬುದು ಅವಳ ಕರಾರು. ಒಂದು ಚೀಟಿಯ ಮೊದಲ ಸಾಲಿನಲ್ಲಿ ಇಂಟೆಲ್ ಕೋರ್ ಐ5-12400ಎಫ್ ಎಂದಿತ್ತು, ಇನ್ನೊಂದರಲ್ಲಿ ಎಎಂಡಿ ರೈಜನ್ 5 5600 ಎಂದಿತ್ತು. "ಮಾಮ, ಇವೆರಡರಲ್ಲಿ ಗೇಮಿಂಗ್‌ಗೆ ಯಾವುದು ಒಳ್ಳೇದು?" ಎಂದು ಕೇಳಿ ಅವನು ಕಾಫಿಗೆ ಕೂತ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಮುಂದಿನ ಎರಡು ವಾರ ನನ್ನ ಸಂಜೆಗಳೆಲ್ಲ ಸ್ಕ್ರೂ ಡ್ರೈವರ್ ಮತ್ತು ಲೆಕ್ಕದ ಪುಸ್ತಕದ ನಡುವೆ ಕಳೆದವು.

ನಾನು ಹೊಟ್ಟೆಪಾಡಿಗೆ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವನು. ರಾತ್ರಿ ಹತ್ತರ ಮೇಲೆ ಒಂದೆರಡು ಗಂಟೆ ಆಟವಾಡುವುದು ಬಹಳ ವರ್ಷಗಳ ಚಟ. ನನ್ನ ಯಂತ್ರ 2018ರದ್ದು. ಬಿ450 ಮದರ್‌ಬೋರ್ಡಿನ ಮೇಲೆ ನಾಲ್ಕು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ರೈಜನ್ 3 2200ಜಿ, ಜೊತೆಗೆ ಆಮೇಲೆ ಸೇರಿಸಿದ ಒಂದು ಜಿಟಿಎಕ್ಸ್ 1650 ಕಾರ್ಡು. ಆ ಪ್ರೊಸೆಸರ್ ಬದಲಿಸಬೇಕೆಂಬ ಯೋಚನೆ ನನಗೂ ವರ್ಷದಿಂದ ಇದ್ದುದರಿಂದ, ಇಬ್ಬರೂ ಒಂದೊಂದು ಚಿಪ್ ಕೊಂಡು, ಅವನು ಊರಿಗೆ ಒಯ್ಯುವ ಮೊದಲು ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡಿಸಿ ನೋಡಬಹುದೆಂಬ ಆಸೆ ಹುಟ್ಟಿತು.

ಕಾಗದದ ಮೇಲೆ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು). ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್; ಎರಡೂ 2022ರಲ್ಲಿ ಬಂದವು, ಇಂಟೆಲ್ ಚಿಪ್ ಜನವರಿಯಲ್ಲಿ, ಎಎಂಡಿ ಚಿಪ್ ಏಪ್ರಿಲ್‌ನಲ್ಲಿ. ಹನ್ನೆರಡನೆಯ ಪೀಳಿಗೆಯ ದೊಡ್ಡ ಇಂಟೆಲ್ ಚಿಪ್‌ಗಳಲ್ಲಿರುವ ಸಣ್ಣ ಕೋರ್‌ಗಳು 12400ಎಫ್‌ನಲ್ಲಿ ಇಲ್ಲ, ಆರೂ ದೊಡ್ಡ ಕೋರ್‌ಗಳೇ. ಅವು ಒಂದೊಂದು ಕ್ಲಾಕ್ ಮಿಡಿತಕ್ಕೆ ರೈಜನ್‌ನ ಕೋರ್‌ಗಳಿಗಿಂತ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತವೆ. ರೈಜನ್‌ನ ಬಲ ಬೇರೆ ಕಡೆ ಇದೆ: ಚಿಪ್ಪಿನೊಳಗೇ ಇರುವ ಅದರ ಮೂರನೆಯ ಹಂತದ ಕ್ಯಾಶ್ ಮೆಮೊರಿ 32 ಮೆಗಾಬೈಟ್, ಇಂಟೆಲ್‌ನದು 18. ಆಟದ ಪ್ರೋಗ್ರಾಮು ಮತ್ತೆ ಮತ್ತೆ ಕೇಳುವ ಮಾಹಿತಿ ಕ್ಯಾಶ್‌ನಲ್ಲೇ ಸಿಕ್ಕಿಬಿಟ್ಟರೆ ಪ್ರೊಸೆಸರ್ ರ‍್ಯಾಮಿನ ತನಕ ಹೋಗಿ ಕಾಯಬೇಕಾಗಿಲ್ಲವಾದ್ದರಿಂದ, ಕೆಲವು ಆಟಗಳಲ್ಲಿ ಈ ಹೆಚ್ಚಿನ ಕ್ಯಾಶ್ ಆ ಹೆಚ್ಚಿನ ಚುರುಕನ್ನು ಸರಿಗಟ್ಟಿಬಿಡುತ್ತದೆ. ರೈಜನ್‌ನಲ್ಲಿ ವೇಗ ನಿಗದಿ ಮಾಡುವ ಮಲ್ಟಿಪ್ಲೈಯರ್ ತೆರೆದಿದೆ, ಬೇಕಾದವರು ವೇಗ ಹೆಚ್ಚಿಸಿಕೊಳ್ಳಬಹುದು. 12400ಎಫ್‌ನಲ್ಲಿ ಅದಕ್ಕೆ ಬೀಗ. ನನ್ನಂಥವನಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹುಡುಗ ಚೀಟಿಗಳ ಮೊದಲ ಸಾಲನ್ನು ಮಾತ್ರ ನೋಡಿದ್ದ. ಅಲ್ಲಿ ರೈಜನ್‌ಗೆ 12,300, ಇಂಟೆಲ್‌ಗೆ 12,600 ಎಂದಿತ್ತು. ವ್ಯತ್ಯಾಸ ಮುನ್ನೂರೇ ರೂಪಾಯಿ ಎಂದು ಅವನು ಖುಷಿಯಾಗಿದ್ದ. ನನ್ನ ಕಣ್ಣು ಇಂಟೆಲ್ ಹೆಸರಿನ ಪಕ್ಕದಲ್ಲಿ ಗೀಚಿದ್ದ "ಟ್ರೇ" ಎಂಬ ಪದದ ಮೇಲೆ ನಿಂತಿತು. ಕಂಪನಿಯ ಪೆಟ್ಟಿಗೆಯಿಲ್ಲದೆ, ಕೂಲರ್ ಇಲ್ಲದೆ, ಸಗಟಾಗಿ ಬಂದ ಚಿಪ್ಪನ್ನು ಅಂಗಡಿಯವರು ಬಿಡಿಯಾಗಿ ಮಾರಿದರೆ ಅದು ಟ್ರೇ ಚಿಪ್. ಪೆಟ್ಟಿಗೆಯ ಚಿಪ್ಪಿಗೆ ತಯಾರಕರೇ ಮೂರು ವರ್ಷದ ವಾರಂಟಿ ಕೊಡುತ್ತಾರೆ. ಟ್ರೇ ಚಿಪ್ಪಿಗೆ ಅಂಗಡಿಯವರ ಮಾತೇ ವಾರಂಟಿ. ಫೋನು ಮಾಡಿ ವಿಚಾರಿಸಿದೆ. "ಬಾಕ್ಸ್ ಪೀಸ್ ಬೇಕಾ ಸರ್? ಹದಿಮೂರು ನಾನೂರು ಆಗುತ್ತೆ" ಎಂದರು. ಬಿಲ್ಲು ಸಮೇತವೇ ಎಂದು ಕೇಳಿದ್ದಕ್ಕೆ ಒಂದು ಕ್ಷಣ ಮೌನವಾಗಿ, ಆಮೇಲೆ ಹೌದೆಂದರು. ಪ್ರೊಸೆಸರ್ ಮೇಲೆ ಶೇಕಡ 18ರ ಜಿಎಸ್‌ಟಿ ಇದೆ; ಬಿಲ್ಲು ಬೇಡವೆಂದವರಿಗೆ ಬೆಲೆ ಇಳಿಯುವುದು ಆ ಜಾಗದಿಂದಲೇ, ವಾರಂಟಿಗೆ ಓಡಾಡುವ ದಿನ ಅದೇ ಬಿಲ್ಲನ್ನು ಕೇಳುತ್ತಾರೆ. ಇದು ನನ್ನ ಕಸುಬಿನ ವಿಷಯವಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಮುನ್ನೂರರ ವ್ಯತ್ಯಾಸ ಹೀಗೆ ಸಾವಿರದ ನೂರಾಯಿತು. ಆದರೆ ಅದೂ ನಿಜವಾದ ವ್ಯತ್ಯಾಸವಾಗಿರಲಿಲ್ಲ, ಏಕೆಂದರೆ ಪ್ರೊಸೆಸರನ್ನು ಯಾರೂ ಒಂಟಿಯಾಗಿ ಕೊಳ್ಳುವುದಿಲ್ಲ, ಅದು ಮದರ್‌ಬೋರ್ಡಿನ ಜೊತೆಗೇ ಬರಬೇಕು. ಇಂಟೆಲ್ ಚೀಟಿಯಲ್ಲಿ 7,200 ರೂಪಾಯಿಯ ಎಚ್610 ಬೋರ್ಡ್ ಬರೆದಿದ್ದರು, ಎಎಂಡಿ ಚೀಟಿಯಲ್ಲಿ 9,600 ರೂಪಾಯಿಯ ಬಿ550. ಜೋಡಿಯಾಗಿ ಕೂಡಿದರೆ ಇಂಟೆಲ್ 20,600, ಎಎಂಡಿ 21,900. ಅಂದರೆ ಅಗ್ಗದ ಪ್ರೊಸೆಸರ್ ಇದ್ದ ಚೀಟಿಯೇ ದುಬಾರಿಯಾಗಿತ್ತು. ಎರಡೂ ಬೋರ್ಡುಗಳು ಒಂದೇ ದರ್ಜೆಯವೂ ಅಲ್ಲ. ಎಚ್610ರಲ್ಲಿ ರ‍್ಯಾಮಿಗೆ ಎರಡೇ ಜಾಗ, ಅದರ ವೇಗ 3200ರ ಆಚೆಗೆ ಹೋಗುವುದಿಲ್ಲ, ಎಸ್‌ಎಸ್‌ಡಿ ಪಿಸಿಐಇ ಎಂಬ ಕೊಂಡಿಯ ಹಳೆಯ 3.0 ವೇಗಕ್ಕೆ ಸೀಮಿತ, ವಿದ್ಯುತ್ ಪೂರೈಸುವ ಭಾಗಕ್ಕೆ ಅನೇಕ ಬೋರ್ಡುಗಳಲ್ಲಿ ಹೀಟ್‌ಸಿಂಕೂ ಇರುವುದಿಲ್ಲ. 12400ಎಫ್‌ಗೆ ಅದು ಸಾಕು. ಮುಂದೆಂದಾದರೂ ಐ7 ಕೂರಿಸುವ ಆಸೆಯಿದ್ದರೆ ಸಾಲದು. ಬಿ550ಕ್ಕೆ ಸರಿಸಾಟಿಯಾದದ್ದು ಬಿ660, ಡಿಡಿಆರ್4 ಬಗೆಯ ರ‍್ಯಾಮ್ ಹಿಡಿಯುವ ಅದರ ಬೋರ್ಡೊಂದು 9,800ಕ್ಕೆ ಸಿಕ್ಕಿತು. ಆಗ ಇಂಟೆಲ್ ಜೋಡಿ 23,200ಕ್ಕೆ ಏರಿತು. ಇನ್ನೊಂದು ತುದಿಯಲ್ಲಿ 5600 ಜೊತೆಗೆ 5,400 ರೂಪಾಯಿಯ ಎ520 ಹಾಕಿದರೆ 17,700ಕ್ಕೇ ಆಟ ಶುರುವಾಗುತ್ತಿತ್ತು. ಒಂದೇ ಎರಡು ಚಿಪ್‌ಗಳ ಹೋಲಿಕೆ 17,700ರಿಂದ 23,200ರವರೆಗೆ ಹಿಗ್ಗಿದ್ದು ಹೀಗೆ.

ಬೇರೆ ದಾರಿಗಳನ್ನೂ ಒಂದು ಸಂಜೆ ನೋಡಿದೆವು. ಆ ವರ್ಷದ ಜನವರಿಯಲ್ಲಿ ರೈಜನ್ 5 7600 ಮತ್ತು ಐ5-13400ಎಫ್ ಎರಡೂ ಬಂದಿದ್ದವು. ಮೊದಲನೆಯದಕ್ಕೆ ಎಎಂ5 ಸಾಕೆಟ್ಟಿನ (ಚಿಪ್ ಕೂರುವ ಜಾಗದ) ಬೋರ್ಡೂ ಡಿಡಿಆರ್5 ರ‍್ಯಾಮೂ ಬೇಕು, ಅವುಗಳ ಬೆಲೆ ಆಗ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಎರಡನೆಯದರಲ್ಲಿ ಹೆಚ್ಚಾಗಿ ಕೊಡುವ ನಾಲ್ಕು ಸಣ್ಣ ಕೋರ್‌ಗಳು ಆಟಕ್ಕೆ ತರುವ ಲಾಭ ಅತ್ಯಲ್ಪ.

ಕೊನೆಗೆ ಹುಡುಗ ಆರಿಸಿದ್ದು 12400ಎಫ್ ಮತ್ತು ಬಿ660. ಅವನ ಜಾಗದಲ್ಲಿ ನಾನಿದ್ದರೆ 5600 ಮತ್ತು ಬಿ550 ತೆಗೆದುಕೊಂಡು ಉಳಿದ 1,300 ರೂಪಾಯಿಯಲ್ಲಿ ಎಸ್‌ಎಸ್‌ಡಿಯನ್ನು ದೊಡ್ಡದು ಮಾಡುತ್ತಿದ್ದೆ. ಹಾಗೆಂದು ಹೇಳಿಯೂ ನೋಡಿದೆ. "ಕೋಡ್ ಕಂಪೈಲ್ ಮಾಡೋಕೆ ಇಂಟೆಲ್ಲೇ ಜೋರು ಮಾಮ" ಎಂದ. ಅವನ ಯಂತ್ರ, ಅವನ ಅಮ್ಮನ ದುಡ್ಡು. ಪ್ರೊಸೆಸರ್ ಮತ್ತು ಬೋರ್ಡಿಗೆ 23,200, ರ‍್ಯಾಮಿಗೆ 3,400, ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡಿಗೆ 21,500, ಎಸ್‌ಎಸ್‌ಡಿಗೆ 2,600, ಪವರ್ ಸಪ್ಲೈಗೆ 3,900, ಕ್ಯಾಬಿನೆಟ್ಟಿಗೆ 2,800, 75 ಹರ್ಟ್ಸ್‌ನ ಮಾನಿಟರಿಗೆ 7,600. ಕೂಡಿದರೆ ಸರಿಯಾಗಿ 65,000. ಕೀಬೋರ್ಡೂ ಮೌಸೂ ನನ್ನ ಆಫೀಸಿನ ಹಳೆಯವು. ನನಗೆ ಮಾತ್ರ 5600ರ ಪೆಟ್ಟಿಗೆಯೊಂದೇ ಸಾಕಾಗಿತ್ತು. ಐದು ವರ್ಷದ ಹಿಂದಿನ ಬೋರ್ಡೇ ಅದನ್ನು ಹೊರುತ್ತದೆ. ಅದು ಸುಲಭವಾಗಿ ದಕ್ಕಿದ ಸೌಲಭ್ಯವೇನಲ್ಲ. ಈ ಪೀಳಿಗೆಯ ರೈಜನ್‌ಗಳು 500 ಸರಣಿಯ ಬೋರ್ಡುಗಳಿಗೆ ಮಾತ್ರ ಎಂದು ಎಎಂಡಿ 2020ರಲ್ಲಿ ಮೊದಲು ಹೇಳಿತ್ತು. ಬಿ450 ಕೊಂಡವರು ಗಲಾಟೆಯೆಬ್ಬಿಸಿದ ಮೇಲೆ ಅದೇ ಮೇ ತಿಂಗಳಲ್ಲಿ ನಿರ್ಧಾರ ಬದಲಿಸಿತು.

ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಮೊದಲು, ಚಿಪ್ ಆಮೇಲೆ: ಈ ಕ್ರಮ ತಪ್ಪಿದರೆ ಹಳೆಯ ಬಯೋಸ್ ಹೊಸ ಚಿಪ್ಪನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಬೋರ್ಡೇ ಹೋಗಬಹುದು. ನಮ್ಮ ಮನೆಯ ಇನ್ವರ್ಟರ್ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಕಂಪ್ಯೂಟರ್ ಎಷ್ಟೋ ಸಲ ರೀಸ್ಟಾರ್ಟ್ ಆಗಿದೆ. ಹಾಗಾಗಿ ಅದನ್ನು ನಂಬದೆ ಆಫೀಸಿನಿಂದ ಯುಪಿಎಸ್ ಹೊತ್ತು ತಂದೆ. ನಾಲ್ಕು ನಿಮಿಷ ಪರದೆಯ ಮೇಲಿನ ಶೇಕಡಾವಾರು ಅಂಕಿಯನ್ನು ನೋಡುತ್ತ ನಿಂತಿದ್ದು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗಿತ್ತು.

ಅಪ್‌ಡೇಟ್ ಸುಸೂತ್ರವಾಗಿ ಮುಗಿಯಿತು; ಎಡವಟ್ಟಾದದ್ದು ಕೂಲರ್ ತೆಗೆಯುವಾಗ. ನನ್ನ ಬೋರ್ಡಿನ ಎಎಂ4 ಸಾಕೆಟ್ಟಿಗೆ ಹೊಂದುವ ಚಿಪ್‌ಗಳಲ್ಲಿ ಪಿನ್‌ಗಳು ಚಿಪ್ಪಿನ ಅಡಿಯಲ್ಲೇ ಇರುತ್ತವೆ, ಒಟ್ಟು 1331. ಇಂಟೆಲ್‌ನಲ್ಲಿ ಅವು ಬೋರ್ಡಿನ ಸಾಕೆಟ್ಟಿನೊಳಗೆ, 1700. ಐದು ವರ್ಷ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆಂದೂ, ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿಯೇ ಮೇಲೆತ್ತಬೇಕೆಂದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಯೋಸ್ ಯಶಸ್ಸಿನ ಉತ್ಸಾಹದಲ್ಲಿ ನೇರವಾಗಿ ಎಳೆದೆ. ಸಾಕೆಟ್ಟಿನ ಸಣ್ಣ ಸರಳು ಇನ್ನೂ ಮುಚ್ಚಿಯೇ ಇತ್ತು. ಟಪ್ ಎಂಬ ಶಬ್ದದೊಂದಿಗೆ ಕೂಲರಿಗೆ ಅಂಟಿಕೊಂಡೇ 2200ಜಿ ಹೊರಬಂತು. ಮೇಜಿನ ದೀಪಕ್ಕೆ ಓರೆಯಾಗಿ ಹಿಡಿದು ಸಾಲುಗಳನ್ನು ನೋಡಿದಾಗ ಒಂದು ಮೂಲೆಯ ಎರಡು ಪಿನ್‌ಗಳು ತಲೆಬಾಗಿ ನಿಂತಿದ್ದವು. ಹುಡುಗನ ಕಂಪಾಸ್ ಬಾಕ್ಸಿನಲ್ಲಿದ್ದ ಸೀಸದ ಪೆನ್ಸಿಲ್, ಒತ್ತಿದರೆ ಕಡ್ಡಿ ಹೊರಬರುವ ಬಗೆಯದು, ಆಗ ನೆರವಿಗೆ ಬಂತು. ಅದರ ಕಡ್ಡಿ ತೆಗೆದು, ಖಾಲಿ ಕೊಳವೆಯ ತುದಿಯನ್ನು ಬಾಗಿದ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಎತ್ತಿದೆ, ನೋಡಿದೆ, ಮತ್ತೆ ಎತ್ತಿದೆ. ಎರಡೂ ನೆಟ್ಟಗಾದವು. ಆ ಚಿಪ್ ಇಂದಿಗೂ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಭದ್ರವಾಗಿದೆ. ಅದೇ ಎಳೆತ ಮುಂದೊಂದು ದಿನ 5600ಕ್ಕೆ ಆಗಿದ್ದರೆ ಎಂದು ನೆನೆದಾಗ ಈಗಲೂ ಕೈ ಬೆವರುತ್ತದೆ.

ಇಂಟೆಲ್ ಕಡೆಯ ಭಯ ಬೇರೆ ಬಗೆಯದು. ರೈಜನ್‌ನ ಕೂಲರ್ ನಾಲ್ಕು ಸ್ಕ್ರೂಗಳಿಂದ ಬೋರ್ಡಿನ ಹಿಂಬದಿಯ ತಗಡಿಗೆ ಬಿಗಿಯುತ್ತದೆ. ಇಂಟೆಲ್‌ನ ಪೆಟ್ಟಿಗೆಯಲ್ಲಿ ಬರುವ ಕೂಲರಿನ ಪ್ಲಾಸ್ಟಿಕ್ ಕಾಲುಗಳನ್ನು ಬೆರಳಿನಿಂದ ಒತ್ತಿ ಕೂರಿಸಬೇಕು. ಒತ್ತಿದಾಗಲೆಲ್ಲ ಬೋರ್ಡು ಬಿಲ್ಲಿನಂತೆ ಬಾಗಿ ಕಿರ್ ಎನ್ನುತ್ತದೆ. ಮೂರು ಕಾಲು ಕೂತ ಮೇಲೆ ನಾಲ್ಕನೆಯದು ಒಪ್ಪಲಿಲ್ಲ, ಅದನ್ನು ಒತ್ತಿದರೆ ಎದುರಿನದು ಮೇಲೆದ್ದಿತು. ಎರಡೆರಡು ಕಾಲುಗಳನ್ನು ಕರ್ಣರೇಖೆಯಲ್ಲಿ ಒಟ್ಟಿಗೆ ಒತ್ತಬೇಕೆಂಬುದು ಹೊಳೆದದ್ದು ಹುಡುಗನಿಗೆ.

ಶುಕ್ರವಾರ ರಾತ್ರಿ ಅಳತೆ ಶುರುವಾಯಿತು. ಎರಡು ಯಂತ್ರಗಳಲ್ಲೂ ಹೊಸದಾಗಿ ವಿಂಡೋಸ್ 11, ಒಂದೇ ಆವೃತ್ತಿಯ ಗ್ರಾಫಿಕ್ಸ್ ಡ್ರೈವರ್, 3200 ವೇಗದ ಎಂಟು ಗಿಗಾಬೈಟಿನ ಎರಡೆರಡು ರ‍್ಯಾಮ್ ಸ್ಟಿಕ್; ಆರ್‌ಎಕ್ಸ್ 6600 ಮಾತ್ರ ಒಂದೇ, ಅದು ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ಓಡಾಡಬೇಕು. ಪ್ರತಿಯೊಂದನ್ನೂ ಮೂರು ಸಲ ಓಡಿಸಿ, ಮೊದಲ ಸಲದ ಅಂಕಿಯನ್ನು ಬಿಟ್ಟು, ಉಳಿದೆರಡರ ಸರಾಸರಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದೆಂದು ನಿಯಮ ಮಾಡಿಕೊಂಡೆವು. ಮುಖ್ಯ ಅಳತೆಗೋಲಾಗಿ ಶ್ಯಾಡೋ ಆಫ್ ದ ಟೂಂಬ್ ರೈಡರ್ ಆಟದೊಳಗಿನ ಪರೀಕ್ಷೆಯನ್ನು ಇಟ್ಟುಕೊಂಡೆ. ಅದನ್ನು ಆರಿಸಿದ್ದಕ್ಕೆ ಕಾರಣವಿದೆ. ಆ ಪರೀಕ್ಷೆ ಬರೀ ಸರಾಸರಿ ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಎಷ್ಟು ಚಿತ್ರ ಮೂಡಿತೆಂಬುದು) ಹೇಳಿ ಸುಮ್ಮನಾಗುವುದಿಲ್ಲ. ಓಟದ ಶೇಕಡ ಎಷ್ಟು ಭಾಗದಲ್ಲಿ ಗ್ರಾಫಿಕ್ಸ್ ಕಾರ್ಡೇ ತಡೆಯಾಗಿತ್ತು ಎಂಬುದನ್ನೂ ಕೊನೆಯಲ್ಲಿ ತೋರಿಸುತ್ತದೆ.

ಮೊದಲ ದಿನದ ಅಂಕಿಗಳು ನನ್ನ ಮುಖ ಸಪ್ಪಗಾಗುವಂತಿದ್ದವು. ಪ್ರೊಸೆಸರಿನ ಬಲವನ್ನು ಮಾತ್ರ ನೋಡಲೆಂದು ಚಿತ್ರವನ್ನು 720ಪಿ ಗಾತ್ರಕ್ಕೂ ಅತಿ ಕಡಿಮೆ ಗುಣಮಟ್ಟಕ್ಕೂ ಇಳಿಸಿ ಓಡಿಸಿದಾಗ ಇಂಟೆಲ್ 187 ಫ್ರೇಮ್ ಕೊಟ್ಟಿತು, ನನ್ನ ರೈಜನ್ 150ರ ಹತ್ತಿರ ಮುಗ್ಗರಿಸಿತು. ಶೇಕಡ ಇಪ್ಪತ್ತೈದರಷ್ಟು ಅಂತರ. ಹುಡುಗ ನಗು ತಡೆದುಕೊಂಡು ಎದ್ದು ಹೋದ. ಶನಿವಾರವೆಲ್ಲ ನಾನು ಬೋರ್ಡಿನ ಮೇಲೆ ಅನುಮಾನಪಟ್ಟೆ. ಆರ್‌ಎಕ್ಸ್ 6600 ಎಂಟೇ ಪಿಸಿಐಇ ಲೇನ್‌ಗಳ (ಮಾಹಿತಿ ಓಡುವ ಹಾದಿಗಳ) ಕಾರ್ಡು, ಅದು 4.0 ವೇಗಕ್ಕೆಂದು ಮಾಡಿದ್ದು. ನನ್ನ ಬಿ450 ಕೊಡುವುದು 3.0 ಮಾತ್ರ. ಅಲ್ಲೇ ಇಕ್ಕಟ್ಟಾಗಿರಬೇಕು ಎಂದು ತೀರ್ಮಾನಿಸಿ ಇಂಟೆಲ್ ಬೋರ್ಡನ್ನೂ ಬಯೋಸ್‌ನಲ್ಲಿ 3.0ಕ್ಕೆ ಇಳಿಸಿ ಓಡಿಸಿದೆ. ಒಂದೆರಡು ಫ್ರೇಮ್ ಇಳಿಯಿತು, ಅಷ್ಟೇ.

ತಪ್ಪು ಸಿಕ್ಕಿದ್ದು ಭಾನುವಾರ ಬೆಳಿಗ್ಗೆ, ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಒಂದು ಮೂಲೆಯಲ್ಲಿ. ರ‍್ಯಾಮಿನ ವೇಗ 2400 ಎಂದಿತ್ತು. ಬಯೋಸ್ ಅಪ್‌ಡೇಟ್ ಆದಾಗ ಹಳೆಯ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿ, ರ‍್ಯಾಮನ್ನು ಅದರ ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆರಿಹೋಗಿತ್ತು. ಇಂಟೆಲ್ ಬೋರ್ಡಿನಲ್ಲಿ ಹುಡುಗ ಅದನ್ನು ಮೊದಲ ದಿನವೇ ಹಾಕಿದ್ದ. ಎರಡು ದಿನದ ಲೆಕ್ಕ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ರೈಜನ್‌ನಲ್ಲಿ ಇದರ ಪೆಟ್ಟು ಹೆಚ್ಚು, ಏಕೆಂದರೆ ಅದರೊಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಕೊಂಡಿಯ ವೇಗ ರ‍್ಯಾಮಿನ ವೇಗದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಎಕ್ಸ್‌ಎಂಪಿ ಹಾಕಿ ಮತ್ತೆ ಓಡಿಸಿದಾಗ 178 ಬಂತು. ಇಪ್ಪತ್ತೈದರ ಅಂತರ ಐದಕ್ಕೆ ಇಳಿಯಿತು. ಸುಮ್ಮನೆ ಕುತೂಹಲಕ್ಕೆ ಇಂಟೆಲ್ ಯಂತ್ರದಿಂದ ಒಂದು ರ‍್ಯಾಮ್ ಸ್ಟಿಕ್ ಕಿತ್ತು ಓಡಿಸಿದೆವು: 187 ಇದ್ದದ್ದು 158ಕ್ಕೆ ಬಿತ್ತು. ಅಂಗಡಿಯವರು ಮೊದಲ ಚೀಟಿಯಲ್ಲಿ ಬರೆದಿದ್ದು ಹದಿನಾರು ಗಿಗಾಬೈಟಿನ ಒಂದೇ ಸ್ಟಿಕ್. ಅದನ್ನು ಹಾಗೆಯೇ ಕೊಂಡಿದ್ದರೆ, 1,100 ರೂಪಾಯಿ ಹೆಚ್ಚು ತೆತ್ತು ತಂದ ಚುರುಕಿನ ಚಿಪ್ ಅಗ್ಗದ ಚಿಪ್ಪಿಗಿಂತ ಹಿಂದೆ ಬೀಳುತ್ತಿತ್ತು.

ಆಮೇಲೆ ಆಟವನ್ನು ನಾವು ನಿಜವಾಗಿ ಆಡುವ ರೀತಿಗೆ, ಅಂದರೆ 1080ಪಿ ಗಾತ್ರಕ್ಕೆ, ಅತ್ಯುನ್ನತ ಗುಣಮಟ್ಟಕ್ಕೆ ಏರಿಸಿದೆವು. ಇಂಟೆಲ್ 104, ರೈಜನ್ 103. ಗ್ರಾಫಿಕ್ಸ್ ಕಾರ್ಡ್ ತಡೆಯಾದ ಪ್ರಮಾಣ ಎರಡರಲ್ಲೂ ಶೇಕಡ 98ರ ಮೇಲೆ. ಸೈಬರ್‌ಪಂಕ್ 2077ರಲ್ಲೂ ಎರಡು ಫ್ರೇಮಿಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಕಾರ್ಡು ತನ್ನ ಕೈಲಾದಷ್ಟೂ ಚಿತ್ರ ಬಿಡಿಸುತ್ತಿರುವಾಗ, ಹಿಂದೆ ನಿಂತ ಪ್ರೊಸೆಸರ್ ಎಷ್ಟೇ ಬೇಗ ಕೆಲಸ ಮುಗಿಸಿಕೊಟ್ಟರೂ ಕಾಯುತ್ತಲೇ ಕೂತಿರುತ್ತದೆ. ಒಲೆ ಒಂದೇ ಇದ್ದಾಗ ಇಬ್ಬರು ನಿಂತು ಹಿಟ್ಟು ತಟ್ಟಿಕೊಟ್ಟರೂ ರೊಟ್ಟಿ ಬೇಯುವುದು ಒಂದೊಂದೇ.

ವ್ಯತ್ಯಾಸ ಇದ್ದರೆ ಕಾಣಬೇಕಾದದ್ದು ಹುಡುಗ ದಿನವೂ ಆಡುವ ಹಗುರ ಚಿತ್ರದ ಆಟಗಳಲ್ಲಿ. ವ್ಯಾಲೊರಂಟ್‌ನಲ್ಲಿ ಎರಡು ಯಂತ್ರಗಳೂ ಮುನ್ನೂರು ಫ್ರೇಮ್ ದಾಟಿದವು, ಇಂಟೆಲ್ ಸ್ವಲ್ಪ ಮುಂದಿತ್ತು. ಕೌಂಟರ್-ಸ್ಟ್ರೈಕ್‌ನಲ್ಲಿ ದೊಡ್ಡ ಕ್ಯಾಶ್‌ನ ಬಲದಿಂದಲೋ ಏನೋ ನನ್ನದೇ ಒಂದು ಹೆಜ್ಜೆ ಮುಂದೆ ಹೋಯಿತು. ಆ ರಾತ್ರಿ ಊಟ ನನಗೆ ಚೆನ್ನಾಗಿ ಸೇರಿತು. ಆದರೆ ಅವನು ಕೊಂಡ ಮಾನಿಟರ್ 75 ಹರ್ಟ್ಸ್‌ನದು. ಸೆಕೆಂಡಿಗೆ ಎಪ್ಪತ್ತೈದು ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸಲಾರದ ಪರದೆಯ ಮುಂದೆ ಕೂತು ಮುನ್ನೂರ ಹತ್ತು ಹೆಚ್ಚೋ ಮುನ್ನೂರ ನಲವತ್ತು ಹೆಚ್ಚೋ ಎಂದು ನಾವಿಬ್ಬರೂ ಜಗಳವಾಡಿದ್ದು ನೆನೆದರೆ ಈಗ ನಗು ಬರುತ್ತದೆ. ಅಂಕಿಗಿಂತ ನನಗೆ ಮುಖ್ಯವಾಗಿ ತೋರಿದ್ದು ಸರಾಸರಿಯ ಕೆಳಗಿನ ಪಾತಾಳ, ಅಂದರೆ ಅತಿ ನಿಧಾನವಾದ ಶೇಕಡ ಒಂದರಷ್ಟು ಫ್ರೇಮ್‌ಗಳು. ಹಳೆಯ 2200ಜಿಯಲ್ಲಿ ಸರಾಸರಿ ಪರವಾಗಿಲ್ಲ ಎನ್ನುವಂತಿದ್ದಾಗಲೂ ಗುಂಡಿನ ಕಾಳಗ ಶುರುವಾದೊಡನೆ ಚಿತ್ರ ತೊದಲುತ್ತಿತ್ತು. ಹೊಸ ಚಿಪ್‌ಗಳೆರಡರಲ್ಲೂ ಆ ತೊದಲು ಇಲ್ಲ. ಆ ವಿಷಯದಲ್ಲಿ ಇವುಗಳ ನಡುವೆ ಆಯ್ಕೆಗೆ ಕಾರಣವೇ ಸಿಗಲಿಲ್ಲ.

ಆಟದಾಚೆ ಇಂಟೆಲ್‌ನ ಮುನ್ನಡೆ ಸ್ಪಷ್ಟವಾಗಿತ್ತು. ಪ್ರೊಸೆಸರಿನ ಶಕ್ತಿ ಅಳೆಯುವ ಸಿನೆಬೆಂಚ್ ಆರ್23 ಪರೀಕ್ಷೆಯಲ್ಲಿ ಒಂಟಿ ಕೋರಿಗೆ ಇಂಟೆಲ್ 1,690ರ ಆಸುಪಾಸು, ರೈಜನ್ 1,480ರ ಆಸುಪಾಸು. ಎಲ್ಲ ಕೋರ್‌ಗಳೂ ದುಡಿದಾಗ ಒಂದು 12,000 ದಾಟಿತು, ಇನ್ನೊಂದು 11,000ದ ಹತ್ತಿರ ನಿಂತಿತು. ಕಂಪೈಲ್ ಮಾಡುವುದಕ್ಕೆ ಇಂಟೆಲ್ ಜೋರು ಎಂದ ಹುಡುಗನ ಮಾತನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಬಿಸಿಯ ಕಥೆ ಚಿಕ್ಕದು. ಸೆಕೆ ಇನ್ನೂ ಇಳಿಯದ ಆ ಕೋಣೆಯಲ್ಲಿ, ಫ್ಯಾನು ಪೂರ್ತಿ ತಿರುಗುತ್ತಿದ್ದಾಗಲೂ, ಸಿನೆಬೆಂಚ್ ಓಡುವಾಗ ನನ್ನ 5600 ತನ್ನ ಪುಟ್ಟ ಕೂಲರಿನಡಿ 85 ಡಿಗ್ರಿಯ ಹತ್ತಿರ ಹೋಯಿತು. ಅದರ ಮಿತಿ 90. ಇಂಟೆಲ್ ಮೊದಲ ಅರ್ಧ ನಿಮಿಷ ಜೋರಾಗಿ ವಿದ್ಯುತ್ ಎಳೆದು ಆಮೇಲೆ 65 ವ್ಯಾಟಿಗೆ ಇಳಿದು ತಂಪಾಗಿಯೇ ಇತ್ತು. ಪೆಟ್ಟಿಗೆಯ ಮೇಲೆ ಎರಡಕ್ಕೂ 65 ವ್ಯಾಟ್ ಎಂದೇ ಇದ್ದರೂ ಇಂಟೆಲ್‌ನ ಗರಿಷ್ಠ ಮಿತಿ 117. ಆಟವಾಡುವಾಗ ಇವ್ಯಾವುವೂ ಗಮನಕ್ಕೆ ಬರುವುದಿಲ್ಲ. ನನ್ನನ್ನು ಕಾಡಿದ್ದು ರೈಜನ್‌ನ ಫ್ಯಾನ್ ಸದ್ದು: ಬ್ರೌಸರ್ ತೆರೆದರೂ ಉಷ್ಣತೆ ಕ್ಷಣಕಾಲ ಜಿಗಿದು, ಫ್ಯಾನು ನಿಟ್ಟುಸಿರಿಟ್ಟಂತೆ ಏರಿ ಇಳಿಯುತ್ತಿತ್ತು. ಫ್ಯಾನು ಕೆಲವು ಸೆಕೆಂಡು ತಡೆದು ಪ್ರತಿಕ್ರಿಯಿಸುವಂತೆ ಬಯೋಸ್‌ನಲ್ಲಿ ಹೇಳಿದ ಮೇಲೆ ಮನೆ ಶಾಂತವಾಯಿತು.

ಮುಂದಿನ ದಾರಿಯ ಬಗ್ಗೆ ಆಗ ನಾವಾಡಿದ ಮಾತುಗಳಲ್ಲಿ ಕೆಲವು ನಿಜವಾದವು, ಕೆಲವು ಆಗಲಿಲ್ಲ. ಎಎಂ4 ಸಾಕೆಟ್ ಮುಗಿದ ಅಧ್ಯಾಯ ಎಂದು ಹುಡುಗ ವಾದಿಸಿದ್ದ. ಆದರೆ 2024ರ ಜನವರಿಯಲ್ಲಿ ಅದೇ ಸಾಕೆಟ್ಟಿಗೆ 96 ಮೆಗಾಬೈಟ್ ಕ್ಯಾಶ್‌ನ ರೈಜನ್ 7 5700ಎಕ್ಸ್3ಡಿ ಬಂತು, ನನ್ನ 2018ರ ಬೋರ್ಡಿನಲ್ಲೂ ಅದು ಕೂರುತ್ತದೆ. ಅವನ ಎಲ್‌ಜಿಎ1700 ಸಾಕೆಟ್ಟಿಗೆ ಹದಿಮೂರು, ಹದಿನಾಲ್ಕನೆಯ ಪೀಳಿಗೆಯ ಐ7, ಐ9ಗಳವರೆಗೆ ದಾರಿ ತೆರೆದಿದೆ ಎಂದು ನಾನೇ ಸಮಾಧಾನ ಹೇಳಿದ್ದೆ. ಆ ಮೇಲ್ದರ್ಜೆಯ ಚಿಪ್‌ಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರತೆ ಕಾಣಿಸಿಕೊಂಡು, 2024ರ ಆಗಸ್ಟಿನಲ್ಲಿ ಇಂಟೆಲ್ ಮೈಕ್ರೋಕೋಡ್‌ಗೆ (ಚಿಪ್ಪಿನೊಳಗಿನ ಆದೇಶಗಳಿಗೆ) ತಿದ್ದುಪಡಿ ಹೊರಡಿಸಿ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. 12400ಎಫ್‌ಗೆ ಆ ತೊಂದರೆ ಇಲ್ಲ. ಇಷ್ಟೆಲ್ಲ ಆದರೂ ನಾವಿಬ್ಬರೂ ಚಿಪ್ ಬದಲಿಸಿಲ್ಲ. ಆ ವಾರದ ಕೊನೆಗೆ ಆರ್‌ಎಕ್ಸ್ 6600 ಅವನ ಪಾಲಿಗೆ ಹೋಗಿ, ನನ್ನ ಯಂತ್ರಕ್ಕೆ ಹಳೆಯ ಜಿಟಿಎಕ್ಸ್ 1650 ಮರಳಿದಾಗ, ಟೂಂಬ್ ರೈಡರ್ ಪರೀಕ್ಷೆ ನನ್ನ ಹೊಸ ಪ್ರೊಸೆಸರಿನ ಬಗ್ಗೆ ಒಂದಕ್ಷರವೂ ಮಾತಾಡಲಿಲ್ಲ. ತಡೆ ಪೂರ್ತಿ ಕಾರ್ಡಿನದೇ ಎಂದಿತು.

ಸೋಮವಾರ ಹುಡುಗ ಹೊರಟ. ಬಸ್ಸಿನ ಕುಲುಕಾಟಕ್ಕೆ ಭಾರವಾದ ಕಾರ್ಡು ತನ್ನ ಜಾಗವನ್ನೇ ಮುರಿದೀತೆಂದು ಅದನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಬೆನ್ನಿನ ಚೀಲದಲ್ಲಿಟ್ಟೆ. ಕ್ಯಾಬಿನೆಟ್ ಅವನ ಪಕ್ಕದ ಸೀಟಿನಲ್ಲಿ ಕಿಟಕಿಗೊರಗಿ ಕೂತು ಅರಸೀಕೆರೆಗೆ ಹೋಯಿತು. ರಾತ್ರಿ ಒಂಬತ್ತೂವರೆಗೆ ಫೋನು ಬಂತು. ದನಿಯಲ್ಲಿ ಅಳು ಇನ್ನೇನು ಒತ್ತರಿಸುವಂತಿತ್ತು.

"ಮಾಮ, ಡಿಸ್ಪ್ಲೇ ಬರ್ತಾ ಇಲ್ಲ. ಫ್ಯಾನೆಲ್ಲ ತಿರುಗ್ತಾ ಇದೆ, ಸ್ಕ್ರೀನ್ ಮಾತ್ರ ಕಪ್ಪು."

ಹಿನ್ನೆಲೆಯಲ್ಲಿ ಅಕ್ಕ, "ಅರವತ್ತೈದು ಸಾವಿರ!" ಎನ್ನುತ್ತಿದ್ದುದು ಕೇಳಿಸಿತು. ಕಾರ್ಡು ಕೂರಿಸಿದೆಯಾ ಎಂದೆ, ಕೂರಿಸಿದ್ದೇನೆ ಎಂದ. ಪವರ್ ಕೇಬಲ್? ಕೊಟ್ಟಿದ್ದೇನೆ. ಎಚ್‌ಡಿಎಂಐ ಕೇಬಲ್ ಎಲ್ಲಿಗೆ ಚುಚ್ಚಿದ್ದೀಯ ಎಂದು ಕೇಳಿದೆ. ಹಿಂದುಗಡೆ ಮೇಲಿನ ತೂತಿಗೆ, ಯುಎಸ್‌ಬಿಗಳ ಪಕ್ಕ, ಎಂದ. ಹೆಸರಿನ ಕೊನೆಯ ಎಫ್ ಅಕ್ಷರ ಚಿಪ್ಪಿನೊಳಗೆ ಗ್ರಾಫಿಕ್ಸ್ ಇಲ್ಲವೆಂಬುದಕ್ಕೆ ಗುರುತು, ಬೋರ್ಡಿನಲ್ಲಿ ತೂತಿದ್ದರೂ ಅದರಿಂದ ಚಿತ್ರ ಬಾರದು; ಎಫ್ ಇಲ್ಲದ 12400 ಕೊಳ್ಳಲು ಇನ್ನೂ ಎರಡು ಸಾವಿರ ಬೇಕಿತ್ತೆಂದು ಇವನೇ ನನಗೆ ಲೆಕ್ಕ ಒಪ್ಪಿಸಿದ್ದ.

"ಅಲ್ಲಿಂದ ಕಿತ್ತು ಕೆಳಗೆ ಅಡ್ಡಡ್ಡ ಇರೋ ಕಾರ್ಡಿನದಕ್ಕೆ ಹಾಕು" ಎಂದೆ. ಸ್ವಲ್ಪ ಹೊತ್ತು ಏನೋ ಸರಿದಾಡಿದ ಸದ್ದು ಕೇಳಿಸಿತು, ಮೇಜಿಗೆ ತಲೆ ತಗುಲಿದ ಸದ್ದೂ ಕೇಳಿಸಿತು.

"ಬಂತು ಮಾಮ" ಎಂದ. "ಅಮ್ಮನಿಗೆ ಹೇಳ್ಬೇಡಿ."